ಬಾಲ ಕಳೆದುಕೊಂಡ ಫೋನು

1980ರ ದಶಕದ ಅಮೆರಿಕ. ತುರ್ತು ಸೇವೆಯ ಕೇಂದ್ರದಲ್ಲಿ 911ರ ಗಂಟೆ ಬಾರಿಸುತ್ತಿತ್ತು. ಎತ್ತಿದರೆ ಅತ್ತ ಕಡೆ ಮಾತಿಲ್ಲ, ಅಳುವಿಲ್ಲ, ಉಸಿರಿನ ಸದ್ದೂ ಇಲ್ಲ, ಬರೀ ಗೊರಗೊರ. ಬಾಯಿ ಬಿಡಲಾಗದ ಸ್ಥಿತಿಯಲ್ಲಿ ಯಾರೋ ಬಿದ್ದಿರಬಹುದೆಂದು ಪೊಲೀಸ್ ಗಾಡಿ ಹೊರಡುತ್ತಿತ್ತು. ಬಾಗಿಲು ಬಡಿದರೆ ಮನೆಯವರು ಕಣ್ಣುಜ್ಜಿಕೊಂಡು ಬಂದು, ಫೋನನ್ನು ಯಾರೂ ಮುಟ್ಟಿಯೇ ಇಲ್ಲ ಎನ್ನುತ್ತಿದ್ದರು. ಅವರ ಮಾತು ನಿಜವೇ ಆಗಿತ್ತು. ಕರೆ ಮಾಡಿದ್ದು ಸೋಫಾದ ಸಂದಿಯಲ್ಲಿ ಬಿದ್ದುಕೊಂಡು, ಬ್ಯಾಟರಿ ಸೋತು ಕೊನೆಯುಸಿರೆಳೆಯುತ್ತಿದ್ದ ಕಾರ್ಡ್‌ಲೆಸ್ ಫೋನು.

ಈ ದೆವ್ವದ ಜಾತಕ ಶುರುವಾದದ್ದು ಟೆಕ್ಸಸ್‌ನ ತೈಲಬಾವಿಗಳ ಬಯಲಿನಲ್ಲಿ. ಥಾಮಸ್ ಕಾರ್ಟರ್ ಅಲ್ಲಿ ರೇಡಿಯೋ ಉಪಕರಣಗಳ ವ್ಯಾಪಾರ ಮಾಡುತ್ತಿದ್ದ. ಬಾವಿ ಕೊರೆಯುವವರಿದ್ದ ಕಡೆ ಟೆಲಿಫೋನ್ ತಂತಿ ಇರಲಿಲ್ಲ. ಅವರು ರೇಡಿಯೋದಲ್ಲಿ ತಮ್ಮ ಕಚೇರಿಯ ಜೊತೆ ಮಾತಾಡುತ್ತಿದ್ದರು. ಕಷ್ಟ ಶುರುವಾಗುತ್ತಿದ್ದುದು ಕಚೇರಿಯಿಂದ ಆಚೆಗೆ. ಡಲ್ಲಾಸ್‌ನಿಂದ ಯಾರಾದರೂ ಫೋನ್ ಮಾಡಿ ಬಾವಿಯ ಮೇಲಿದ್ದವನನ್ನು ಕೇಳಿದರೆ, ಕಚೇರಿಯವನು ಒಂದು ಕಿವಿಗೆ ಫೋನು, ಇನ್ನೊಂದು ಕೈಯಲ್ಲಿ ರೇಡಿಯೋ ಹಿಡಿದು, ಇವರು ಹೀಗೆನ್ನುತ್ತಾರೆ, ಅವರು ಹಾಗೆನ್ನುತ್ತಾರೆ ಎಂದು ಮಾತು ದಾಟಿಸಬೇಕಿತ್ತು. ಕಾರ್ಟರ್ ಈ ನಡುವಿನವನನ್ನು ತೆಗೆದುಹಾಕಲು ಒಂದು ಪೆಟ್ಟಿಗೆ ಮಾಡಿದ. ಫೋನಿನ ರಿಸೀವರನ್ನು ಅದರ ತೊಟ್ಟಿಲಿನಲ್ಲಿ ಮಲಗಿಸಿದರೆ ಸಾಕು, ಫೋನಿನ ದನಿ ರೇಡಿಯೋಗೂ ರೇಡಿಯೋದ ದನಿ ಫೋನಿಗೂ ಗಾಳಿಯಲ್ಲೇ ಹೋಗುತ್ತಿತ್ತು. ಫೋನಿನವನು ಬಾಯಿ ತೆರೆದೊಡನೆ ರೇಡಿಯೋ ತಾನಾಗಿ ಕಳಿಸುವ ಕೆಲಸಕ್ಕೆ ಹೊರಳುತ್ತಿತ್ತು, ಸುಮ್ಮನಾದೊಡನೆ ಕೇಳುವ ಕೆಲಸಕ್ಕೆ ಮರಳುತ್ತಿತ್ತು. ಎರಡರ ನಡುವೆ ಒಂದೆಳೆ ತಾಮ್ರದ ತಂತಿಯೂ ಇರಲಿಲ್ಲ. 1959ರಿಂದ 1966ರ ತನಕ ಇಂಥ ಸುಮಾರು 3,500 ಪೆಟ್ಟಿಗೆಗಳು ಮಾರಾಟವಾದವು.

ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ. ಆಗ ಅಮೆರಿಕದ ಟೆಲಿಫೋನ್ ಎಂದರೆ ಬಹುಪಾಲು ಎಟಿ ಅಂಡ್ ಟಿ. ತಂತಿ ಅವರದು, ವಿನಿಮಯ ಕೇಂದ್ರ ಅವರದು, ಮನೆಯೊಳಗಿನ ಫೋನೂ ಅವರ ಕಾರ್ಖಾನೆಯಲ್ಲಿ ಮಾಡಿ ಬಾಡಿಗೆಗೆ ಕೊಟ್ಟದ್ದು. ಹೊರಗಿನವರ ಯಾವ ಸಾಮಾನನ್ನೂ ಅದಕ್ಕೆ ತಗುಲಿಸಕೂಡದೆಂಬ ನಿಯಮವಿತ್ತು. ಹಿಂದೆ ಹಷ್-ಎ-ಫೋನ್ ಎಂಬ ಬಟ್ಟಲೊಂದು ಬಂದಿತ್ತು. ಪಕ್ಕದವರಿಗೆ ಕೇಳಿಸದಂತೆ ಮಾತಾಡಲು ಫೋನಿನ ಬಾಯಿಗೆ ಸಿಕ್ಕಿಸುವ ಸಾಧನ, ಅಷ್ಟೇ. ವಿದ್ಯುತ್ತಿಲ್ಲ, ಯಂತ್ರವಿಲ್ಲ. ಅದನ್ನೂ ಕಂಪನಿ ಸಹಿಸಲಿಲ್ಲ; 1956ರಲ್ಲಿ ನ್ಯಾಯಾಲಯ ಹೇಳಬೇಕಾಯಿತು, ಬಟ್ಟಲಿಗೆ ಅಡ್ಡಿ ಮಾಡಬೇಡಿ ಎಂದು. ಬಟ್ಟಲನ್ನೇ ಬಿಡದವರು ಕಾರ್ಟರನ ಪೆಟ್ಟಿಗೆಯನ್ನು ಬಿಟ್ಟಾರೆಯೇ? ಅದನ್ನು ಬಳಸಿದರೆ ಸಂಪರ್ಕ ಕಡಿಯುತ್ತೇವೆಂದು ಗಿರಾಕಿಗಳನ್ನು ಹೆದರಿಸಿದರು. ಕಾರ್ಟರ್ ಹೆದರಲಿಲ್ಲ. ದೇಶದ ಅತಿ ದೊಡ್ಡ ಕಂಪನಿಯ ಮೇಲೆ ದಾವೆ ಹೂಡಿದ. ದಾವೆ ನ್ಯಾಯಾಲಯದಿಂದ ಸಂಪರ್ಕ ಆಯೋಗಕ್ಕೆ ಅಲೆಯಿತು. 1968ರ ಜೂನ್ 26ರಂದು ಆಯೋಗ ತೀರ್ಪು ಕೊಟ್ಟಿತು: ಜಾಲಕ್ಕೆ ಹಾನಿ ಮಾಡದ ಸಾಧನವನ್ನು ಜೋಡಿಸಬೇಡಿ ಎನ್ನುವ ಹಕ್ಕು ಕಂಪನಿಗಿಲ್ಲ. ಆ ದಿನ ಗೆದ್ದದ್ದು ಒಂದು ಪೆಟ್ಟಿಗೆಯಾದರೂ, ಮುಂದೆ ಅದೇ ಬಾಗಿಲಿನಿಂದ ಫ್ಯಾಕ್ಸು, ಮೋಡೆಮು, ಉತ್ತರಿಸುವ ಯಂತ್ರ ಎಲ್ಲವೂ ಮನೆಯೊಳಗೆ ಬಂದವು.

ಇತ್ತ ಒಹಾಯೋದ ಕ್ಲೀವ್‌ಲೆಂಡ್‌ನಲ್ಲಿ ಜಾರ್ಜ್ ಸ್ವೈಗರ್ಟ್ ಎಂಬ ಹವ್ಯಾಸಿ ರೇಡಿಯೋ ಪರಿಣತ ಬೇರೆಯದೇ ಗಂಟು ಬಿಚ್ಚುತ್ತಾ ಕೂತಿದ್ದ. ಎರಡನೇ ಮಹಾಯುದ್ಧದಲ್ಲಿ ಆತ ದಕ್ಷಿಣ ಪೆಸಿಫಿಕ್ಕಿನ ದ್ವೀಪಗಳಲ್ಲಿ ರೇಡಿಯೋ ಆಪರೇಟರ್ ಆಗಿದ್ದವನು. ಸೇನೆಯ ರೇಡಿಯೋದಲ್ಲಿ ಗುಂಡಿ ಒತ್ತಿ ಮಾತಾಡಬೇಕು, ‘ಓವರ್’ ಎನ್ನಬೇಕು, ಗುಂಡಿ ಬಿಟ್ಟು ಕಾಯಬೇಕು. ಪಳಗಿದವನಿಗೆ ಅದು ಸಲೀಸು. ಪಳಗದ ಅಧಿಕಾರಿ ಗುಂಡಿ ಒತ್ತಿಕೊಂಡೇ ಉತ್ತರಕ್ಕೆ ಕಾಯುತ್ತಾ ನಿಂತರೆ ಉತ್ತರ ಬರುವುದೆಲ್ಲಿಂದ? ಟೆಲಿಫೋನಿನಲ್ಲಿ ಹಾಗಲ್ಲ, ಇಬ್ಬರೂ ಒಟ್ಟಿಗೇ ಜಗಳವಾಡಬಹುದು. ಆ ಸ್ವಾತಂತ್ರ್ಯ ರೇಡಿಯೋದಲ್ಲೂ ಬೇಕೆಂಬುದು ಸ್ವೈಗರ್ಟನ ಹಟ. ಹೋಗುವ ಮಾತಿಗೊಂದು ತರಂಗ, ಬರುವ ಮಾತಿಗೊಂದು ತರಂಗ ಎಂದು ಎರಡು ದಾರಿ ಮಾಡಿದ. ಫೋನನ್ನು ಎತ್ತಿದ್ದು, ಕೆಳಗಿಟ್ಟದ್ದು ಕೂಡ ತರಂಗದ ಮೇಲೇ ತಿಳಿಯುವಂತೆ ಹೊಂದಿಸಿದ. 1966ರ ಮೇ 2ರಂದು ಅರ್ಜಿ ಹಾಕಿದ, 1969ರ ಜೂನ್ 10ರಂದು ಪೇಟೆಂಟ್ ಕೈಗೆ ಬಂತು. ಮಾತಾಡುತ್ತಾ ಅಡುಗೆಮನೆಯಿಂದ ಹಿತ್ತಿಲಿಗೆ ಹೋಗುವ ಫೋನು ಕಾಗದದ ಮೇಲೆ ಸಿದ್ಧವಾಯಿತು.

ಕಾಗದದಿಂದ ಅಂಗಡಿಗೆ ಬರಲು ಮಾತ್ರ ಅದಕ್ಕೆ ಇನ್ನೂ ಒಂದು ದಶಕ ಹಿಡಿಯಿತು. ಬಂದಾಗ ಅದು ಚೆಲುವಾಗೇನೂ ಇರಲಿಲ್ಲ: ಇಟ್ಟಿಗೆಯಂಥ ಹ್ಯಾಂಡ್‌ಸೆಟ್, ಎಳೆದರೆ ಉದ್ದವಾಗುವ ಲೋಹದ ಆಂಟೆನಾ, ಪಕ್ಕದಲ್ಲೊಂದು ಜಾರುಗುಂಡಿ. ಕರೆ ಬಂದಾಗ ಗುಂಡಿಯನ್ನು ‘ಟಾಕ್’ ಕಡೆಗೆ ಜಾರಿಸಿ ಆಮೇಲೆ ಕಿವಿಗಿಡಬೇಕಿತ್ತು. ಗಡಿಬಿಡಿಯಲ್ಲಿ ಜನ ಮರೆಯುತ್ತಿದ್ದರು. ಮರೆತರೆ ಏನಂತೆ ಎಂದುಕೊಳ್ಳುವ ಹಾಗಿರಲಿಲ್ಲ. ಅನೇಕ ಮಾದರಿಗಳಲ್ಲಿ ಗಂಟೆಯ ಸದ್ದು ಹೊರಡುತ್ತಿದ್ದುದೂ ಕಿವಿಗಿಡುವ ಅದೇ ತೂತಿನಿಂದ! ಮನೆಯೆಲ್ಲ ಕೇಳಿಸಲಿ ಎಂದು ಜೋರಾಗಿ ಇಟ್ಟಿದ್ದ ಗಂಟೆ ನೇರ ಕಿವಿಯೊಳಗೆ ಬಡಿದು ಕೆಲವರ ಶ್ರವಣಶಕ್ತಿಯೇ ಕೆಟ್ಟಿತು. ಕಿವಿ ವೈದ್ಯರು ಅಳೆದು ನೋಡಿದಾಗ ಸದ್ದು 140 ಡೆಸಿಬೆಲ್ ಆಸುಪಾಸಿನಲ್ಲಿತ್ತು. ಗಂಟೆಯನ್ನು ಬೇರೆ ಕಡೆಗೆ ಸರಿಸಬೇಕೆಂಬ ಸರಳ ಬುದ್ಧಿ ಹೊಳೆಯಲು ಒಂದಷ್ಟು ಕಿವಿಗಳು ಬಲಿಯಾಗಬೇಕಾಯಿತು.

ಕಿವಿಯ ಕತೆ ಮುಗಿಯುವಷ್ಟರಲ್ಲಿ ಗುಟ್ಟಿನ ಕತೆ ಶುರುವಾಯಿತು. ಮೊದಲ ತಲೆಮಾರಿನ ಫೋನುಗಳಲ್ಲಿ ಹ್ಯಾಂಡ್‌ಸೆಟ್ 49 ಮೆಗಾಹರ್ಟ್ಸ್‌ನಲ್ಲಿ ಮಾತಾಡುತ್ತಿತ್ತು, ಟೆಲಿಫೋನ್ ಲೈನಿಗೆ ಸಿಕ್ಕಿಸಿದ ಬೇಸ್ ಪೆಟ್ಟಿಗೆ 1.7 ಮೆಗಾಹರ್ಟ್ಸ್ ಸುತ್ತಮುತ್ತ, ಮನೆಯ ಕರೆಂಟಿನ ತಂತಿಯನ್ನೇ ಆಂಟೆನಾ ಮಾಡಿಕೊಂಡು. ಅದು ಎಎಂ ರೇಡಿಯೋದ ಪಟ್ಟಿ ಮುಗಿಯುವ ಜಾಗಕ್ಕೆ ಒತ್ತಿಕೊಂಡೇ ಇತ್ತು. ಪಕ್ಕದ ಮನೆಯವರು ರೇಡಿಯೋ ಮುಳ್ಳನ್ನು ಬಲತುದಿಗೆ ತಿರುಗಿಸಿದರೆ ಹಾಡಿನ ಬದಲು ನೆರೆಯವರ ಸಂಸಾರ ಕೇಳಿಸುತ್ತಿತ್ತು. ದಾರಿಗಳಿದ್ದದ್ದೂ ಬೆರಳೆಣಿಕೆಯಷ್ಟು. 49 ಮೆಗಾಹರ್ಟ್ಸ್ ಕಡೆ ಮಕ್ಕಳ ವಾಕಿಟಾಕಿಗಳೂ ಕೂಸಿನ ಅಳು ಕೇಳಿಸುವ ಯಂತ್ರಗಳೂ ಬೀಡುಬಿಟ್ಟಿದ್ದವು. 1980ರ ದಶಕದ ನಡುವಿನಲ್ಲಿ ಬೇಸನ್ನು 46 ಮೆಗಾಹರ್ಟ್ಸ್‌ಗೆ ಎತ್ತಿ, ಹತ್ತು ಜೋಡಿ ದಾರಿ ಕೊಟ್ಟರು. ಒಂದೇ ಬೀದಿಯಲ್ಲಿ ಐವತ್ತು ಫೋನುಗಳಿದ್ದಾಗ ಹತ್ತು ದಾರಿ ಯಾವ ಮೂಲೆಗೆ? ಅಯೋವಾದಲ್ಲಂತೂ ಒಬ್ಬರ ಮಾತು ನೆರೆಯವರ ಕಾರ್ಡ್‌ಲೆಸ್ಸಿನಲ್ಲಿ ಕೇಳಿಸಿ, ವಿಷಯ ಪೊಲೀಸರ ತನಕ ಹೋಯಿತು. 1989ರಲ್ಲಿ ಮೇಲ್ಮನವಿ ನ್ಯಾಯಾಲಯ, ಕಾರ್ಡ್‌ಲೆಸ್ಸಿನಲ್ಲಿ ಮಾತಾಡುವವರು ಗೋಪ್ಯತೆಯನ್ನು ನಿರೀಕ್ಷಿಸುವಂತಿಲ್ಲ ಎಂದುಬಿಟ್ಟಿತು.

ಕದ್ದು ಕೇಳುವುದಕ್ಕಿಂತ ದೊಡ್ಡ ತೊಂದರೆ, ಫೋನಿಗೇ ತನ್ನ ಒಡೆಯನ ಗುರುತಿಲ್ಲದಿರುವುದು. ಒಂದೇ ದಾರಿಯಲ್ಲಿರುವ ಯಾವ ಹ್ಯಾಂಡ್‌ಸೆಟ್ ಕರೆದರೂ ಬೇಸ್ ಹೂಂಗುಟ್ಟುತ್ತಿತ್ತು. ಎದುರು ಮನೆಯವನ ಗುಂಡಿಗೆ ಈ ಮನೆಯ ಲೈನ್ ತೆರೆದುಕೊಂಡು, ದೂರದೂರಿನ ಕರೆಯ ಬಿಲ್ಲು ಈ ಮನೆಗೆ ಬರಬಹುದಿತ್ತು. ಕರೆಯೇ ಬಾರದೆ ಫೋನು ಬಾರಿಸುತ್ತಿತ್ತು.

911ರ ದೆವ್ವ ಸಿಕ್ಕಿಬಿದ್ದದ್ದೂ ಇಲ್ಲೇ. ಹಳೆಯ ವಿನಿಮಯ ಕೇಂದ್ರಗಳು ಅಂಕೆಗಳನ್ನು ಓದುತ್ತಿರಲಿಲ್ಲ, ಲೈನು ಎಷ್ಟು ಸಲ ಕಡಿದು ಕೂಡಿತೆಂದು ಎಣಿಸುತ್ತಿದ್ದವು. ಒಂಬತ್ತು ಸಲ ಕಡಿದರೆ 9, ಒಮ್ಮೆ ಕಡಿದರೆ 1. ಬ್ಯಾಟರಿ ಕುಂದಿದಾಗ ಹ್ಯಾಂಡ್‌ಸೆಟ್ಟಿನ ಸಂಕೇತ ತೊದಲುತ್ತಿತ್ತು, ಬೇಸ್ ಆ ತೊದಲನ್ನೂ ಸುತ್ತಲಿನ ಗದ್ದಲವನ್ನೂ ಅಪ್ಪಣೆಯೆಂದು ನಂಬಿ ಲೈನನ್ನು ಕಡಿದು ಕೂಡಿಸುತ್ತಿತ್ತು. ಏಳಂಕಿಯ ನಂಬರು ಹೀಗೆ ಆಕಸ್ಮಿಕವಾಗಿ ಕೂಡಿಬರುವುದು ಕಷ್ಟ; ಮೂರೇ ಅಂಕಿಯ 911 ಆಗಾಗ ಕೂಡಿಬರುತ್ತಿತ್ತು.

ಮದ್ದು ಬಲು ಚಿಕ್ಕದು. ಪ್ರತಿ ಅಪ್ಪಣೆಯ ಮುಂದೆ ಒಂದು ಗುಟ್ಟಿನ ಸಂಖ್ಯೆ. ಹ್ಯಾಂಡ್‌ಸೆಟ್ ಮೊದಲು ಅದನ್ನು ಹೇಳಬೇಕು, ಹೊಂದಿದರೆ ಮಾತ್ರ ಬೇಸ್ ಲೈನ್ ತೆರೆಯಬೇಕು. ಬೇಸ್ ಸರಿಯಾದ ಸಂಖ್ಯೆ ಹೇಳಿದರೆ ಮಾತ್ರ ಹ್ಯಾಂಡ್‌ಸೆಟ್ ಬಾರಿಸಬೇಕು. ಕೆಲವು ತಯಾರಕರು ಇದನ್ನು ಮೊದಲೇ ಅಳವಡಿಸಿದ್ದರು; 1991ರಲ್ಲಿ ಸಂಪರ್ಕ ಆಯೋಗ ಎಲ್ಲರಿಗೂ ಕಡ್ಡಾಯ ಮಾಡಿತು. ಕನಿಷ್ಠ 256 ಸಂಖ್ಯೆಗಳಿರಬೇಕು ಎಂದಿತು. ಅನೇಕ ಮಾದರಿಗಳಲ್ಲಿ ಸಂಖ್ಯೆ ಕೈ ಬದಲಾಗುತ್ತಿದ್ದುದು ಗಾಳಿಯಲ್ಲಲ್ಲ, ಚಾರ್ಜಿಗೆಂದು ಇದ್ದ ಲೋಹದ ಚುಕ್ಕಿಗಳ ಮೂಲಕ. ಹ್ಯಾಂಡ್‌ಸೆಟ್ ತೊಟ್ಟಿಲಲ್ಲಿ ಕೂತಾಗ ಹೊಟ್ಟೆಗೆ ವಿದ್ಯುತ್ತು, ಕಿವಿಗೆ ಗುಟ್ಟು. ಬ್ಯಾಟರಿ ಪೂರ್ತಿ ಸತ್ತರೆ ಗುಟ್ಟೂ ಮರೆತುಹೋಗುತ್ತಿತ್ತು, ಮತ್ತೆ ತಂದು ಕೂರಿಸಬೇಕಿತ್ತು. ಹೊಸ ಕಾರ್ಡ್‌ಲೆಸ್ ತಂದ ದಿನ ಹ್ಯಾಂಡ್‌ಸೆಟ್ಟನ್ನು ಮೊದಲು ಬೇಸ್ ಮೇಲೆ ಕೂರಿಸಿ ಎಂದು ಆ ಫೋನುಗಳ ಕೈಪಿಡಿ ಹೇಳುತ್ತಿದ್ದುದು ಬರೀ ಚಾರ್ಜಿಗಾಗಿ ಆಗಿರಲಿಲ್ಲ.