ಸ್ಪೀಡ್ ಇದೆ, ಆದ್ರೂ ಲ್ಯಾಗ್ ಯಾಕೆ ಗುರು?

ಕಳೆದ ಸೆಮಿಸ್ಟರ್ ಫೆಸ್ಟ್‌ನಲ್ಲಿ ವ್ಯಾಲೊರಂಟ್ ಕ್ವಾಲಿಫೈಯರ್ ಇತ್ತಲ್ಲ, ಅದರಲ್ಲಿ ನಮ್ಮ ಟೀಮ್ ಎರಡನೇ ಸುತ್ತಿನಲ್ಲೇ ಔಟ್. ಬಾಡಿಗೆ ಮನೆಯಿಂದ ನಾವು ನಾಲ್ಕು ಜನ, ಹಾಸ್ಟೆಲ್‌ನಿಂದ ಒಬ್ಬ. ಸ್ಕೋರ್ 11–11 ಇದ್ದಾಗ ನಮ್ಮ ನಾಲ್ಕೂ ಸ್ಕ್ರೀನ್ ಒಟ್ಟಿಗೇ ನಿಂತವು. ಒಂದು ಸೆಕೆಂಡ್ ಬಿಟ್ಟು ಮತ್ತೆ ಓಡಲು ಶುರುವಾದಾಗ ನಾವೆಲ್ಲ ಸತ್ತು ಬಿದ್ದಿದ್ದೆವು. ಹಾಸ್ಟೆಲ್‌ನವನು ಮಾತ್ರ ಬದುಕಿದ್ದ, ಡಿಸ್ಕಾರ್ಡ್‌ನಲ್ಲಿ ನಮಗೆ ಬೈಯುತ್ತಿದ್ದ.

ನಮ್ಮದು 50 ಎಂಬಿಪಿಎಸ್ ಪ್ಲಾನ್. ಟಿವಿ ಕೇಬಲ್ ಕೊಡುವ ಅಣ್ಣನೇ ಅದೇ ದಪ್ಪ ಕಪ್ಪು ವೈರಿನಲ್ಲಿ ಇಂಟರ್ನೆಟ್ಟೂ ಕೊಡುತ್ತಾರೆ, ಮೂಲೆಯಲ್ಲಿ ಒಂದು ಕೇಬಲ್ ಮೋಡೆಮ್ ಮಿನುಗುತ್ತಿರುತ್ತದೆ. ಸ್ಪೀಡ್ ಟೆಸ್ಟ್ ಮಾಡಿದರೆ 48, 49 ತೋರಿಸುತ್ತೆ. ಹಾಗಾದರೆ ತಪ್ಪು ಯಾರದು? ಮನೆಯಲ್ಲಿ ಐದನೆಯವನೊಬ್ಬ ಇದ್ದಾನೆ, ಹಾವೇರಿಯವನು. ಗೇಮ್ ಆಡಲ್ಲ, ಗೇಟ್ ಪರೀಕ್ಷೆಗೆ ಓದುತ್ತಾನೆ, ರಾತ್ರಿ ಎನ್‌ಪಿಟಿಇಎಲ್ ವಿಡಿಯೊ ನೋಡುತ್ತಾನೆ. ನಾವೆಲ್ಲ ಸೇರಿ ಅವನ ಮೇಲೆ ಹಾಕಿದೆವು. 'ಮ್ಯಾಚ್ ಇದೆ ಅಂತ ಹೇಳಿದ್ರೂ ವಿಡಿಯೊ ಹಾಕ್ಕೊಂಡು ಕೂತಿದ್ದೀಯಲ್ಲೋ' ಅಂದೆವು. ಅವನು ತಿರುಗಿ ಏನೂ ಹೇಳಲಿಲ್ಲ. ಮರುದಿನದಿಂದ ರಾತ್ರಿ ಲೈಬ್ರರಿಗೆ ಹೋಗತೊಡಗಿದ. ಮುಂದಿನ ತಿಂಗಳು ಬೇರೆ ಪಿಜಿ ನೋಡ್ಕೊಳ್ತೀನಿ ಅಂತಲೂ ಅಂದ.

ಅವನು ಲೈಬ್ರರಿಗೆ ಹೋದ ಮೇಲೂ ಲ್ಯಾಗ್ ಹೋಗಲಿಲ್ಲ. ಆಗ ನಾವು 6,500 ರೂಪಾಯಿ ಒಟ್ಟುಹಾಕಿ ಒಂದು 'ಗೇಮಿಂಗ್ ರೂಟರ್' ತಂದೆವು. ಆರು ಆಂಟೆನಾ, ಕೆಂಪು ಲೈಟು, ನೋಡೋಕೆ ಮಲಗಿಸಿಟ್ಟ ಜೇಡದ ಹಾಗೆ. ಲ್ಯಾಗ್ ಇದ್ದ ಹಾಗೇ ಇತ್ತು.

ದುಡ್ಡು ಹೋದ ಮೇಲೆ ಬುದ್ಧಿ ಬಂತು. ಮೂರನೇ ಸೆಮಿಸ್ಟರ್‌ನಲ್ಲಿ ನೆಟ್‌ವರ್ಕ್ಸ್ ಲ್ಯಾಬ್ ಮುಗಿಸಿದ ನಾವು, ಖರೀದಿಗೆ ಮುಂಚೆ ಒಂದು ಪಿಂಗ್ ಕೂಡ ಹೊಡೆದು ನೋಡಿರಲಿಲ್ಲ! ಆ ಭಾನುವಾರ ಕೂತೆವು. ಒಂದು ಲ್ಯಾಪ್‌ಟಾಪನ್ನು ಲ್ಯಾನ್ ವೈರಿನಿಂದ ರೂಟರ್‌ಗೆ ಜೋಡಿಸಿ ಎರಡು ಕಮಾಂಡ್ ಪ್ರಾಂಪ್ಟ್ ತೆರೆದು, ಒಂದರಲ್ಲಿ ನಮ್ಮ ರೂಟರ್‌ಗೇ ಪಿಂಗ್, ಇನ್ನೊಂದರಲ್ಲಿ 8.8.8.8ಕ್ಕೆ ಪಿಂಗ್ ಬಿಟ್ಟೆವು. ರೂಟರ್ ಒಂದು ಮಿಲಿಸೆಕೆಂಡಿನೊಳಗೆ ಉತ್ತರ ಕೊಡುತ್ತಿತ್ತು, ಹೊರಗಿನದು 22ರ ಆಸುಪಾಸು. ಎಲ್ಲ ಚೆನ್ನಾಗಿದೆ ಅನ್ನಿಸಿತು. ಆಮೇಲೆ ಒಂದು ದೊಡ್ಡ ಫೈಲ್ ಡೌನ್‌ಲೋಡ್‌ಗೆ ಹಾಕಿದೆವು: 22 ಇದ್ದದ್ದು 45 ಆಯಿತು. ಅದನ್ನು ನಿಲ್ಲಿಸಿ ಗೂಗಲ್ ಡ್ರೈವ್‌ಗೆ ಒಂದು ಫೈಲ್ ಅಪ್‌ಲೋಡ್ ಹಾಕಿದ್ದೇ ತಡ, 300, 620, 870, 940. ರೂಟರ್ ಪಿಂಗ್ ಮಾತ್ರ ಒಂದರ ಒಳಗೇ ಇತ್ತು.

ಅಂದರೆ ತೊಂದರೆ ವೈಫೈಯಲ್ಲಿ ಇರಲಿಲ್ಲ, ಡೌನ್‌ಲೋಡ್ ಮಾಡುವವನಲ್ಲೂ ಇರಲಿಲ್ಲ. ಯಾರೋ ಏನನ್ನೋ ಮೇಲಕ್ಕೆ ಕಳಿಸುತ್ತಿದ್ದರು. ಯಾರು ಅಂತ ಹುಡುಕಿದರೆ, ನಮ್ಮಲ್ಲೇ ಒಬ್ಬನ ಫೋನು. ಹಾವೇರಿಯವನಿಗೆ ಎಲ್ಲರಿಗಿಂತ ಜೋರಾಗಿ ಬೈದವನದ್ದೇ. ಫೋನ್ ಚಾರ್ಜ್‌ಗೆ ಹಾಕಿದಾಗ ಫೋಟೊ ಬ್ಯಾಕಪ್ ಆಗುವಂತೆ ಇಟ್ಟಿದ್ದ. ಮ್ಯಾಚ್‌ನ ಹಿಂದಿನ ದಿನವಷ್ಟೇ ಶಿವನಸಮುದ್ರದ ವಿದ್ಯುತ್ ಕೇಂದ್ರಕ್ಕೆ ಇಂಡಸ್ಟ್ರಿಯಲ್ ವಿಸಿಟ್ ಹೋಗಿ ಬಂದಿದ್ದೆವು. ಮುನ್ನೂರು ಫೋಟೊ, ಒಂದೊಂದು 4 ಎಂಬಿ ಅಂದುಕೊಳ್ಳಿ. ನಮ್ಮ ಪ್ಲಾನ್‌ನಲ್ಲಿ ಕೆಳಕ್ಕೆ 50 ಎಂಬಿಪಿಎಸ್ ಇದ್ದರೂ ಮೇಲಕ್ಕೆ ಇರುವುದು ಬರೀ 2. ಲೆಕ್ಕ ಹಾಕಿದರೆ 80 ನಿಮಿಷ ಅಪ್‌ಲೋಡ್ ಲೈನ್ ಪೂರ್ತಿ ಜಾಮ್.

ಸರಿ, ಜಾಮ್ ಆದರೆ ಸ್ವಲ್ಪ ತಡ ಆಗಬಹುದು, ಒಂದು ಸೆಕೆಂಡ್ ಯಾಕೆ? ಇಲ್ಲೇ ಮಜಾ ಇರೋದು. ನಮ್ಮ ಮೆಸ್ ಕ್ಯೂ ನೆನಪಿಸಿಕೊಳ್ಳಿ. ನಿಮಗೆ ಬೇಕಿರುವುದು ಒಂದು ಲೋಟ ಮಜ್ಜಿಗೆ. ಆದರೆ ಮುಂದೆ ಐವತ್ತು ಜನ ತಟ್ಟೆ ಹಿಡಿದು ಅನ್ನ, ಸಾರು, ಹಪ್ಪಳ ಎಲ್ಲ ಹಾಕಿಸಿಕೊಳ್ಳುತ್ತಿದ್ದಾರೆ. ಇರುವುದು ಒಂದೇ ಸಾಲು, ನೀವು ಕಾಯಲೇಬೇಕು. ಗೇಮ್‌ನ ಪ್ಯಾಕೆಟ್ ಈ ಮಜ್ಜಿಗೆಯವನು. ಗೇಮ್‌ಗೆ ಒಂದು ಎಂಬಿಪಿಎಸ್ ಕೂಡ ಬೇಕಾಗಲ್ಲ. ಆದರೆ ಅದರ ಪ್ಯಾಕೆಟ್ ಫೋಟೊಗಳ ಹಿಂದೆ ಮೋಡೆಮ್‌ನೊಳಗಿನ ಬಫರ್‌ನಲ್ಲಿ ನಿಂತಿರುತ್ತದೆ. ಬಫರ್ 256 ಕೆಬಿ ಇದ್ದರೆ ಅದು ಸುಮಾರು 21 ಲಕ್ಷ ಬಿಟ್. ಸೆಕೆಂಡಿಗೆ 20 ಲಕ್ಷ ಬಿಟ್ ಹೋಗುವ ಲೈನಿನಲ್ಲಿ ಅಷ್ಟು ಖಾಲಿಯಾಗಲು ಒಂದು ಸೆಕೆಂಡಿಗೂ ಸ್ವಲ್ಪ ಜಾಸ್ತಿ ಬೇಕು. ಅದೇ ಬಫರ್ 100 ಎಂಬಿಪಿಎಸ್ ಲೈನಿನಲ್ಲಿದ್ದರೆ 21 ಮಿಲಿಸೆಕೆಂಡ್‌ನಲ್ಲಿ ಖಾಲಿ, ಯಾರಿಗೂ ಗೊತ್ತೇ ಆಗಲ್ಲ. ಮೋಡೆಮ್ ಮಾಡುವವರು ದೊಡ್ಡ ಪ್ಲಾನಿಗೆ ಸರಿಹೋಗುವ ಬಫರ್ ಇಟ್ಟರು, ಸಣ್ಣ ಪ್ಲಾನಿನವರಾದ ನಾವು ಅನುಭವಿಸಿದೆವು. ಇನ್ನೊಂದು ಕಡೆ ಟಿಸಿಪಿಯ ಸ್ವಭಾವವೂ ಹಾಗೇ: ಪ್ಯಾಕೆಟ್ ಕಳೆದುಹೋಗುವವರೆಗೂ ವೇಗ ಏರಿಸುತ್ತಲೇ ಇರುತ್ತದೆ. ಬಫರ್ ದೊಡ್ಡದಿದ್ದರೆ ಪ್ಯಾಕೆಟ್ ಕಳೆದುಹೋಗುವುದೇ ತಡ, ಅಷ್ಟರಲ್ಲಿ ಸಾಲು ಉದ್ದವಾಗಿರುತ್ತದೆ.

ಈ ರೋಗಕ್ಕೆ ಬಫರ್‌ಬ್ಲೋಟ್ ಅಂತ ಹೆಸರು. ಹೆಸರಿಟ್ಟವರು ಜಿಮ್ ಗೆಟಿಸ್. 2010ರ ಸುಮಾರಿಗೆ ಅಮೆರಿಕದ ತಮ್ಮ ಮನೆಯ ಕೇಬಲ್ ಕನೆಕ್ಷನ್‌ನಲ್ಲಿ ಫೈಲ್ ಕಾಪಿ ಮಾಡುವಾಗ ಪಿಂಗ್ ಒಂದು ಸೆಕೆಂಡ್ ದಾಟಿದ್ದನ್ನು ಅವರು ಗಮನಿಸಿ ಬೆನ್ನು ಹತ್ತಿದರು. 2012ರಲ್ಲಿ ಕ್ಯಾಥ್ಲೀನ್ ನಿಕೋಲ್ಸ್ ಮತ್ತು ವ್ಯಾನ್ ಜೇಕಬ್ಸನ್ ಇದಕ್ಕೆ 'ಕೋಡೆಲ್' ಅನ್ನುವ ಉಪಾಯ ಕೊಟ್ಟರು. ಸಾಲು ಎಷ್ಟು ಉದ್ದ ಅಂತ ನೋಡುವ ಬದಲು, ಪ್ಯಾಕೆಟ್ ಎಷ್ಟು ಹೊತ್ತು ಕಾಯಿತು ಅಂತ ನೋಡುವುದು. 100 ಮಿಲಿಸೆಕೆಂಡ್ ಕಾಲ ಕಾಯುವಿಕೆ 5 ಮಿಲಿಸೆಕೆಂಡಿಗಿಂತ ಕೆಳಗೆ ಇಳಿಯಲೇ ಇಲ್ಲವಾದರೆ ಒಂದು ಪ್ಯಾಕೆಟ್ ಬಿಸಾಡು, ಟಿಸಿಪಿ ತಾನೇ ನಿಧಾನ ಆಗುತ್ತೆ. ಮುಂದೆ ಬಂದ 'ಎಫ್‌ಕ್ಯೂ ಕೋಡೆಲ್' ಇದಕ್ಕೆ ಬೇರೆ ಬೇರೆ ಸಾಲುಗಳನ್ನೂ ಸೇರಿಸಿತು. ಮಜ್ಜಿಗೆಯವನಿಗೆ ಅವನದೇ ಕೌಂಟರ್.

ಹಾಗಿದ್ದರೆ ನಮ್ಮ ಆರು ಆಂಟೆನಾ ರೂಟರ್‌ನ 'ಗೇಮ್ ಮೋಡ್' ಯಾಕೆ ಕೆಲಸ ಮಾಡಲಿಲ್ಲ? ಅದು ತನ್ನೊಳಗಿನ ಸಾಲಿನಲ್ಲಿ ಗೇಮ್‌ಗೆ ಮೊದಲ ಸ್ಥಾನ ಕೊಡುತ್ತಿತ್ತು. ಆದರೆ ಸಾಲು ಅಲ್ಲಿ ಇರಲೇ ಇಲ್ಲ, ಮುಂದಿನ ಮೋಡೆಮ್‌ನಲ್ಲಿತ್ತು. ಪರಿಹಾರ ಏನೆಂದರೆ, ರೂಟರ್‌ನಿಂದ ಹೊರಹೋಗುವ ವೇಗವನ್ನು ಮೋಡೆಮ್‌ನ ವೇಗಕ್ಕಿಂತ ಸ್ವಲ್ಪ ಕಡಿಮೆಗೆ ಕಟ್ಟಿಹಾಕುವುದು. ಆಗ ಸಾಲು ನಮ್ಮ ಕೈಯಲ್ಲಿರುವ ಡಬ್ಬಿಯಲ್ಲೇ ನಿಲ್ಲುತ್ತದೆ, ಅಲ್ಲಿ ಅದನ್ನು ಬೇಕಾದ ಹಾಗೆ ನಡೆಸಬಹುದು. ನಮ್ಮ ಗೇಮಿಂಗ್ ರೂಟರ್‌ನಲ್ಲಿ ಆ ವೇಗ ಬರೆಯುವ ಜಾಗವೇ ಇರಲಿಲ್ಲ. ಅದನ್ನು ಕಥೆಯೆಲ್ಲ ಹೇಳಿಯೇ ಒಬ್ಬ ಜೂನಿಯರ್‌ಗೆ 4,000ಕ್ಕೆ ಕೊಟ್ಟೆವು (ಅವನ ಮನೆಯಲ್ಲಿ ನಿಜಕ್ಕೂ ವೈಫೈಯೇ ಸಮಸ್ಯೆ, ಗೋಡೆ ದಪ್ಪ). ಎಸ್‌ಪಿ ರೋಡ್‌ಗೆ ಹೋಗಿ 1,200 ರೂಪಾಯಿಗೆ ಒಂದು ಹಳೇ ರೂಟರ್ ತಂದು ಓಪನ್‌ಡಬ್ಲ್ಯುಆರ್‌ಟಿ ಹಾಕಿದೆವು. ಅದರಲ್ಲಿ ಎಸ್‌ಕ್ಯೂಎಂ ಆನ್ ಮಾಡಿ ಅಪ್‌ಲೋಡ್ 1.8, ಡೌನ್‌ಲೋಡ್ 45 ಅಂತ ಬರೆದೆವು. ಅದೇ ಫೈಲ್, ಅದೇ ಅಪ್‌ಲೋಡ್: ಪಿಂಗ್ 28ರಿಂದ 40. ನಂಬದೆ ಮೂರು ಸಲ ಮಾಡಿ ನೋಡಿದೆವು. ಸ್ಪೀಡ್ ಟೆಸ್ಟ್‌ನಲ್ಲಿ ನಾಲ್ಕೈದು ಎಂಬಿಪಿಎಸ್ ಕಡಿಮೆ ತೋರಿಸಿತು, ತೋರಿಸಲಿ ಬಿಡಿ.

ಕೇಬಲ್ ಲೈನಿಗೆ ಅದರದ್ದೇ ಇನ್ನೊಂದು ತಾಪತ್ರಯ ಇದೆ. ಬೀದಿಯ ಎಷ್ಟೋ ಮನೆಗಳಿಗೆ ಒಂದೇ ಕೇಬಲ್. ಮೇಲಕ್ಕೆ ಕಳಿಸಬೇಕಾದರೆ ಮೋಡೆಮ್ ಕ್ಲಾಸಿನಲ್ಲಿ ಕೈ ಎತ್ತಿದ ಹಾಗೆ ಮೊದಲು ಕೇಳಬೇಕು, ಆಪರೇಟರ್ ಕಡೆಯ ಯಂತ್ರ 'ನಿನ್ನ ಸರದಿ' ಅಂದ ಮೇಲೆ ಮಾತಾಡಬೇಕು. ಇದಕ್ಕೇ ಕೆಲವು ಮಿಲಿಸೆಕೆಂಡ್ ಹೋಗುತ್ತದೆ. ಅದರ ಮೇಲೆ ಸಿಗ್ನಲ್ ಕೆಟ್ಟರೆ ಪ್ಯಾಕೆಟ್ಟೇ ಕಳೆದುಹೋಗುತ್ತದೆ. ಬಹಳಷ್ಟು ಕೇಬಲ್ ಮೋಡೆಮ್‌ಗಳಲ್ಲಿ ಬ್ರೌಸರ್‌ನಲ್ಲಿ 192.168.100.1 ಹೊಡೆದರೆ ಸ್ಟೇಟಸ್ ಪುಟ ತೆರೆಯುತ್ತದೆ. ಡೌನ್‌ಸ್ಟ್ರೀಮ್ ಪವರ್ ಸೊನ್ನೆಯ ಆಚೆ ಈಚೆ 7 ಡಿಬಿಎಂವಿ ಒಳಗಿದ್ದರೆ, ಎಸ್‌ಎನ್‌ಆರ್ 33 ಡಿಬಿ ಮೇಲಿದ್ದರೆ ನೆಮ್ಮದಿ. ಅಪ್‌ಸ್ಟ್ರೀಮ್ ಪವರ್‌ನಲ್ಲಿ ಮಾತ್ರ ದೊಡ್ಡ ಸಂಖ್ಯೆ ಕೆಟ್ಟದ್ದು, ಮೋಡೆಮ್ ಗಂಟಲು ಹರಿದುಕೊಂಡು ಕೂಗುತ್ತಿದೆ ಅಂತ ಅರ್ಥ. ನಮ್ಮದು 51 ಇತ್ತು. ಕೇಬಲ್ ಅಣ್ಣನನ್ನು ಕರೆದು ತೋರಿಸಿದೆವು. ಓನರ್ ಆಂಟಿಯ ಎರಡು ಟಿವಿ, ನಮ್ಮ ಟಿವಿ, ಎಲ್ಲ ದಾಟಿ ಮೂರನೇ ಸ್ಪ್ಲಿಟರ್‌ನಿಂದ ಮೋಡೆಮ್‌ಗೆ ವೈರ್ ಬಂದಿತ್ತು. ಎರಡು ದಾರಿ ಮಾಡುವ ಒಂದೊಂದು ಸ್ಪ್ಲಿಟರ್ ಸುಮಾರು 3.5 ಡಿಬಿ ತಿನ್ನುತ್ತದೆ. ಅವರು ಮೊದಲ ಸ್ಪ್ಲಿಟರ್‌ನಿಂದಲೇ ವೈರ್ ಎಳೆದು, ಮಳೆನೀರು ಕುಡಿದು ಹಸಿರಾಗಿದ್ದ ಕನೆಕ್ಟರ್ ಬದಲಾಯಿಸಿದರು. 51 ಇದ್ದದ್ದು 44ಕ್ಕೆ ಇಳಿಯಿತು. 'ನಿಮ್ ಥರ ನಂಬರ್ ತೋರ್ಸಿ ಕಂಪ್ಲೇಂಟ್ ಕೊಟ್ಟೋರು ಯಾರೂ ಇಲ್ಲ ಕಣ್ರಪ್ಪ' ಅಂದರು. ದುಡ್ಡೂ ತಗೊಳ್ಳಲಿಲ್ಲ.

ಇನ್ನು ಮೋಡೆಮ್ ಆರಿಸುವ ಮಾತು. ನಮ್ಮಲ್ಲಿ ಆಪರೇಟರ್ ಕೊಟ್ಟದ್ದೇ ಮೋಡೆಮ್, ಆಯ್ಕೆ ಎಲ್ಲಿಂದ ಬಂತು? ಆದರೆ ಎಂಎಸ್ ಮಾಡಲು ಅಮೆರಿಕಕ್ಕೆ ಹೋದ ನಮ್ಮ ಸೀನಿಯರ್ ಒಬ್ಬರು ಇದೇ ಸಮಯಕ್ಕೆ ಗ್ರೂಪ್‌ನಲ್ಲಿ ಕೇಳಿದರು: ಅಲ್ಲಿ ತಿಂಗಳಿಗೆ ಮೋಡೆಮ್ ಬಾಡಿಗೆ ಕಟ್ಟುವ ಬದಲು ಸ್ವಂತದ್ದು ಕೊಳ್ಳಬಹುದಂತೆ, ಯಾವುದು ತಗೊಳ್ಳಲಿ? ಜಾಸ್ತಿ ಚಾನೆಲ್ ಇರೋದು ತಗೊಳ್ಳಿ ಅಂತ ನಾವು ಟೈಪ್ ಮಾಡಿದ್ದೆವು, ಪುಣ್ಯಕ್ಕೆ ಕಳಿಸುವ ಮುಂಚೆ ಸ್ವಲ್ಪ ಓದಿದೆವು. ಡಾಕ್ಸಿಸ್ 3.0ರಲ್ಲಿ ಹಲವು ಚಾನೆಲ್ ಒಟ್ಟುಗೂಡಿಸಿ ವೇಗ ಹೆಚ್ಚಿಸುತ್ತಾರೆ, ಅಮೆರಿಕದ 6 ಮೆಗಾಹರ್ಟ್ಸ್ ಚಾನೆಲ್ ಒಂದಕ್ಕೆ ಸುಮಾರು 38 ಎಂಬಿಪಿಎಸ್. ಆರಿಸ್ ಕಂಪನಿಯ ಎಸ್‌ಬಿ6183ರಲ್ಲಿ ಇಂಥವು 16, ಅದರ ಮೇಲಿನ ಎಸ್‌ಬಿ6190ರಲ್ಲಿ 32. ಪೆಟ್ಟಿಗೆ ನೋಡಿದವರು ಎರಡನೆಯದನ್ನೇ ಕೊಳ್ಳುತ್ತಾರೆ. ಆದರೆ ಅದರೊಳಗಿದ್ದದ್ದು ಇಂಟೆಲ್‌ನ ಪೂಮಾ 6 ಚಿಪ್. ಆ ಚಿಪ್ ಇದ್ದ ಮೋಡೆಮ್‌ಗಳಲ್ಲಿ ಲೈನ್ ಖಾಲಿ ಇದ್ದಾಗಲೂ ಪಿಂಗ್ ಆಗಾಗ ಜಿಗಿಯುತ್ತಿದ್ದದ್ದು, ಕೆಲವು ಸಲ 200 ಮಿಲಿಸೆಕೆಂಡ್‌ವರೆಗೂ ಹೋಗುತ್ತಿದ್ದದ್ದು 2016ರ ಕೊನೆಗೆ ದೊಡ್ಡ ಸುದ್ದಿಯಾಯಿತು. ಆರಿಸ್ ಮೇಲೆ ಗ್ರಾಹಕರು ಕೋರ್ಟಿಗೂ ಹೋದರು. ಬ್ರಾಡ್‌ಕಾಮ್ ಚಿಪ್ ಇದ್ದ ಹಳೆಯ 16 ಚಾನೆಲ್‌ನದ್ದು ಗೇಮ್‌ಗೆ ಅದಕ್ಕಿಂತ ವಾಸಿಯಾಗಿತ್ತು. ಸರಾಸರಿ ಪಿಂಗ್ ನೋಡಿದರೆ ಈ ರೋಗ ಸಿಗುವುದೇ ಇಲ್ಲ, ಜಿಗಿತ ನೋಡಬೇಕು. ಒಂದೇ ಸಮ 60 ಇರುವ ಲೈನಿನಲ್ಲಿ ಕೈ ಹೊಂದಿಕೊಳ್ಳುತ್ತದೆ. 20, 20, 20, 190 ಅಂತ ಕುಣಿಯುವ ಲೈನಿನಲ್ಲಿ ಯಾರಿಗೂ ಆಡೋಕಾಗಲ್ಲ.

ಸೀನಿಯರ್‌ಗೆ ಕೊನೆಗೆ ಬರೆದದ್ದು ಇಷ್ಟು: ಡಾಕ್ಸಿಸ್ 3.1 ಮೋಡೆಮ್ ತಗೊಳ್ಳಿ, ಯಾಕೆಂದರೆ ಮೇಲಕ್ಕೆ ಹೋಗುವ ಸಾಲನ್ನು ಚಿಕ್ಕದಾಗಿಡುವ 'ಪೈ' ಅನ್ನುವ ವಿಧಾನ ಅದರಲ್ಲಿ ಕಡ್ಡಾಯ. ನಿಮ್ಮ ಆಪರೇಟರ್ ಒಪ್ಪುವ ಪಟ್ಟಿಯಲ್ಲಿ ಇದೆಯಾ ನೋಡಿ. ಒಳಗಿನ ಚಿಪ್ ಯಾವುದು ಅಂತ ಹುಡುಕಿ. ರೂಟರ್ ಬೇರೆಯೇ ಇರಲಿ. ವಾಪಸ್ ಕೊಡುವ ಗಡುವು ಮುಗಿಯುವುದರೊಳಗೆ, ಒಂದು ರಾತ್ರಿ ಎಂಟು ಗಂಟೆಗೆ, ಅಕ್ಕಪಕ್ಕದವರೆಲ್ಲ ಲೈನಿನಲ್ಲಿದ್ದಾಗ, ಖಾಲಿ ಲೈನಿನಲ್ಲಿ ಹತ್ತು ನಿಮಿಷ, ಅಪ್‌ಲೋಡ್ ಹಾಕಿ ಹತ್ತು ನಿಮಿಷ ಪಿಂಗ್ ಬಿಟ್ಟು ನೋಡಿ. ವೈಫೈ ಬೇಡ, ವೈರ್ ಹಾಕಿ.

ಎಷ್ಟು ಮಾಡಿದರೂ ದೂರ ಮಾತ್ರ ಕಡಿಮೆ ಆಗಲ್ಲ. ಫೈಬರ್‌ನೊಳಗೆ ಬೆಳಕು ಒಂದು ಮಿಲಿಸೆಕೆಂಡ್‌ಗೆ ಸುಮಾರು 200 ಕಿ.ಮೀ. ಹೋಗುತ್ತದೆ. ಬೆಂಗಳೂರಿನಿಂದ ಮುಂಬೈಗೆ ಹೋಗಿ ಬರಲು ನೇರ ದಾರಿ ಇದ್ದರೂ 8 ಮಿಲಿಸೆಕೆಂಡ್, ಸಿಂಗಪುರಕ್ಕೆ 30ರ ಮೇಲೆ. ಆದ್ದರಿಂದ ಗೇಮ್‌ನಲ್ಲಿ ಸರ್ವರ್ ಮುಂಬೈ ಅಂತ ಆರಿಸಿದೆಯಾ ನೋಡಿಕೊಳ್ಳಿ. ನಮ್ಮ ಟೀಮಿನ ಒಬ್ಬ ಮಹಾಶಯ ಆರು ತಿಂಗಳಿಂದ ಸಿಂಗಪುರಕ್ಕೆ ಕನೆಕ್ಟ್ ಆಗುತ್ತಿದ್ದದ್ದು ಈ ತನಿಖೆಯಲ್ಲೇ ಹೊರಬಿತ್ತು.

ಹಾವೇರಿಯವನ ಹತ್ತಿರ ನಾಲ್ಕೂ ಜನ ಹೋಗಿ ಲೈಬ್ರರಿ ಮೆಟ್ಟಿಲ ಮೇಲೇ ಸಾರಿ ಕೇಳಿದೆವು. 940 ತೋರಿಸುವ ಸ್ಕ್ರೀನ್‌ಶಾಟನ್ನೂ ತೋರಿಸಿದೆವು. ಅವನು ನೋಡಿ, 'ಕ್ಯೂಯಿಂಗ್ ಡಿಲೇ, ಗೇಟ್‌ನಲ್ಲಿ ಎರಡು ಮಾರ್ಕ್ಸಿಗೆ ಬರುತ್ತೆ, ನನ್ನನ್ನೇ ಕೇಳಿದ್ರೆ ಹೇಳ್ತಿದ್ನಲ್ರೋ' ಅಂದ. ಈಗ ಮನೆಯಲ್ಲೇ ಓದುತ್ತಾನೆ. ನಾವು ಆಡುವಾಗಲೂ ವಿಡಿಯೊ ಓಡುತ್ತಿರುತ್ತದೆ, ಮೊನ್ನೆ ಪಿಂಗ್ 31 ಇತ್ತು. ಆದರೂ ಸೋತೆವು, ಅದು ನಮ್ಮ ಆಟದಿಂದ.