ಗುಂಡಿ ತೋಡುವ ಮುಂಚೆ ಮಣ್ಣನ್ನು ಕೇಳಿ

ಬೋರ್‌ವೆಲ್ ಕೊರೆಸುವಾಗ ತೆಂಗಿನಕಾಯಿ ಹಿಡಿಸಿ ಪಾಯಿಂಟ್ ನೋಡಿಸುತ್ತೇವೆ. ಕಕ್ಕಸು ಗುಂಡಿಗೆ ಮಾತ್ರ ಮನೆ ಹಿಂದೆ ಎಲ್ಲಿ ಜಾಗ ಇದೆಯೋ ಅಲ್ಲೇ ಗುದ್ದಲಿ. ಎರಡೂ ಇಳಿಯೋದು ಒಂದೇ ನೆಲಕ್ಕೆ.

ನಮ್ಮದು ಕೊಳ್ಳೇಗಾಲ ತಾಲ್ಲೂಕಿನ ಕುಂತೂರು. ಮಳೆ ನಂಬಿದ ಮೂರು ಎಕರೆ. ಮೇಲ್ಭಾಗ ಕೆಂಪು, ಕೆಳಗೆ ಎರೆ, ಹಳ್ಳದ ಅಂಚಿಗೆ ಗರಸು. ಮಗ ಜಮೀನಿನಲ್ಲೇ ಮನೆ ಕಟ್ಟಲು ಹೊರಟ. ಕುಡಿಯಲು ಇರೋದು ಎರೆ ಕಡೆಯ ತೆರೆದ ಬಾವಿ ಒಂದೇ. ಮೇಸ್ತ್ರಿ ಬಂದವರು ಹೇಳಿದರು: "ಯಜಮಾನ್ರೆ, ರಿಂಗ್ ಹಾಕಿ ಇಪ್ಪತ್ತಡಿ ಇಳಿಸ್ಬುಡನ. ಮೊಮ್ಮಕ್ಕಳ ಕಾಲಕ್ಕೂ ತುಂಬಾಕಿಲ್ಲ."

"ತುಂಬಲ್ಲ ಅಂದ್ರೆ ಒಳಗಿನ ನೀರು ಎಲ್ಲಿಗೆ ಹೋಯ್ತದೆ ಮೇಸ್ತ್ರಿ?" ಅಂದೆ. ಅವರು ಬಾವಿ ಕಡೆ ನೋಡಿ ಸುಮ್ಮನಾದರು.

ಆಳ ಯಾಕೆ ಬೇಡ

ಮೇಲಿನ ಮಣ್ಣಿನಲ್ಲಿ ಗಾಳಿಯಾಡುತ್ತದೆ, ಜೀವಾಣುಗಳಿವೆ. ಕೊಳೆನೀರು ಅದರಲ್ಲಿ ನಿಧಾನ ಇಳಿದರೆ ರೋಗಾಣುಗಳು ಬಹುಪಾಲು ಅಲ್ಲೇ ಸಾಯುತ್ತವೆ. ನಮ್ಮ ಕಡೆ ಅದರ ಕೆಳಗೆ ಶಿಥಿಲವಾದ ಕಲ್ಲು, ಆಮೇಲೆ ಬಿರುಕುಬಿಟ್ಟ ಬಂಡೆ. ಬಿರುಕಿಗೆ ಇಳಿದ ನೀರನ್ನು ಸೋಸುವವರು ಯಾರೂ ಇಲ್ಲ. ಅದು ನೇರ ಬಾವಿಗೋ ಬೋರಿಗೋ ಸೇರಬಹುದು. ವಾಂತಿಭೇದಿ, ಕಾಮಾಲೆ ಬರೋದು ಹೀಗೇ.

ಮೊದಲು ನೀರಿನ ಮಟ್ಟ

ಬೇಸಿಗೆಯಲ್ಲಿ ಬಾವಿ ನೋಡಿ ಲೆಕ್ಕ ಹಾಕಬೇಡಿ. ನಮ್ಮಲ್ಲಿ ಹಿಂಗಾರು ಜೋರು. ಚಿತ್ತೆ, ಸ್ವಾತಿ ಮಳೆ ಕಳೆದ ಮೇಲೆ ಹಗ್ಗಕ್ಕೆ ಕಲ್ಲು ಕಟ್ಟಿ ಅಳೆಯಿರಿ. ನಮ್ಮ ಬಾವಿಯಲ್ಲಿ ಬೇಸಿಗೆಗೆ 30 ಅಡಿ ಕೆಳಗಿದ್ದ ನೀರು ಆಗ 13 ಅಡಿಗೆ ಬಂದಿತ್ತು. ಗುಂಡಿಯ ತಳಕ್ಕೂ ಅತಿ ಮೇಲಿನ ನೀರಿಗೂ ನಡುವೆ 2 ಮೀಟರ್, ಅಂದರೆ ಆರೂವರೆ ಅಡಿ ಮಣ್ಣು ಇರಬೇಕು. 13ರಲ್ಲಿ ಆರೂವರೆ ಕಳೆದರೆ ಉಳಿಯೋದು ಆರೂವರೆ. ನಾವು 5 ಅಡಿಗೇ ನಿಲ್ಲಿಸುವುದೆಂದು ತೀರ್ಮಾನಿಸಿದೆವು.

ಮಣ್ಣು ಎಷ್ಟು ಕುಡಿಯುತ್ತದೆ

ಇದಕ್ಕೆ ಇಂಜಿನಿಯರ್ ಬೇಡ. ಇಂಗುಗುಂಡಿಯ ತಳ ಎಲ್ಲಿ ಬರುತ್ತದೋ ಅಷ್ಟು ಆಳ ತೋಡಿ, ಅಲ್ಲಿ ಒಂದಡಿ ಅಗಲದ ಕುಳಿ ಮಾಡಿ. ಪಕ್ಕಗಳನ್ನು ಕುಡುಗೋಲಿನಿಂದ ಕೆರೆಯಿರಿ. ತಳಕ್ಕೆ 2 ಅಂಗುಲ ಜಲ್ಲಿ ಹಾಕಿ, ಅದರ ಮೇಲೆ ಒಂದಡಿ ನೀರು ತುಂಬಿಸಿ ರಾತ್ರಿಯೆಲ್ಲ ನೆನೆಯಲು ಬಿಡಿ. ಎರೆಯಲ್ಲಿ ಇದನ್ನು ಬಿಡಲೇಬಾರದು. ಒಣಗಿದ ಎರೆಯ ಬಿರುಕು ಮೊದಲ ಕೊಡ ನೀರನ್ನು ಗಟಗಟ ಕುಡಿದು ನಮ್ಮನ್ನು ಏಮಾರಿಸುತ್ತದೆ. ನೆನೆದ ಮೇಲೇ ಅದರ ನಿಜಗುಣ ಗೊತ್ತಾಗೋದು. ಬೆಳಿಗ್ಗೆ ಜಲ್ಲಿ ಮೇಲೆ 6 ಅಂಗುಲ ನೀರು ನಿಲ್ಲಿಸಿ, ಗಡಿಯಾರ ಹಿಡಿದು ಅರ್ಧ ಗಂಟೆಗೆ ಎಷ್ಟು ಇಳಿಯಿತು ಅಂತ ಕಡ್ಡಿಯಲ್ಲಿ ಅಳೆಯಿರಿ.

ಒಂದು ಅಂಗುಲ ಇಳಿಯಲು 30 ನಿಮಿಷದ ಒಳಗಾದರೆ ಇಂಗುಗುಂಡಿ ಆಗುತ್ತದೆ. 30ರಿಂದ 60 ನಿಮಿಷವಾದರೆ ಗುಂಡಿ ಬಿಟ್ಟು, ಜಲ್ಲಿ ತುಂಬಿದ ಉದ್ದನೆಯ ಕಾಲುವೆ ಮಾಡಿ. 60 ದಾಟಿದರೆ ಆ ಜಾಗ ಬಿಟ್ಟುಬಿಡಿ.

ನಮ್ಮ ಕೆಂಪು ಮಣ್ಣಿನಲ್ಲಿ 18 ನಿಮಿಷ ಹಿಡಿಯಿತು. ಎರೆಯಲ್ಲಿ ಗಂಟೆ ಕಳೆದರೂ ಕಡ್ಡಿಯ ಗುರುತು ಅಲುಗಲಿಲ್ಲ. ಅಲ್ಲಿ ಗುಂಡಿ ಮಾಡಿದರೆ ಮಳೆಗಾಲದಲ್ಲಿ ಕೊಳೆನೀರು ಅಂಗಳಕ್ಕೇ ಉಕ್ಕುತ್ತದೆ. ಹಳ್ಳದ ಗರಸಿನಲ್ಲಿ 2 ನಿಮಿಷಕ್ಕೇ ಅಂಗುಲ ಇಳಿಯಿತು. ಮಗ "ಇದೇ ಚೆನ್ನಾಗದೆ ಕಣಪ್ಪ" ಅಂದ. ಅಷ್ಟು ಬೇಗ ಇಳಿಯುವ ನೀರು ಸೋಸುವುದೇ ಇಲ್ಲ, ಅದೂ ಬೇಡ ಅಂದೆ.

ಜಾಗ, ದೂರ, ವಾಟ

ಇಂಗುಗುಂಡಿ ಬಾವಿಯಿಂದ 60 ಅಡಿ, ಮನೆಯಿಂದ 20 ಅಡಿಯಾದರೂ ದೂರ ಇರಬೇಕು. ಪಕ್ಕದವರ ಬಾವಿ, ಬೋರಿಗೂ ಇದೇ ಲೆಕ್ಕ. ಮನೆ ಹಿಂದಿನ ಜಾಗ ಕೆಂಪು ಮಣ್ಣೇ ಆದರೂ ವಾಟ ಬಾವಿ ಕಡೆಗಿತ್ತು. ಅದಕ್ಕೇ ಬಾವಿಯಿಂದ 120 ಅಡಿ ದೂರದಲ್ಲಿ, ಇಳಿಜಾರು ಬೇರೆ ಕಡೆಗಿರುವ ಜಾಗ ಆರಿಸಿದೆವು. ಪೈಪಿನ ಖರ್ಚು ಜಾಸ್ತಿಯಾಯಿತು. ಆಸ್ಪತ್ರೆ ಖರ್ಚಿಗಿಂತ ಕಡಿಮೆಯೇ.

ಐದು ಜನಕ್ಕೆ 5 ಅಡಿ ಉದ್ದ, ಎರಡೂವರೆ ಅಡಿ ಅಗಲ, ಮೂರೂವರೆ ಅಡಿ ನೀರು ನಿಲ್ಲುವ ಟ್ಯಾಂಕು ಸಾಕು. ತಳಕ್ಕೆ ಕಾಂಕ್ರೀಟ್ ಇರಲೇಬೇಕು. ತಳ ಹಾಕದ್ದನ್ನೂ ನಾವು ಸೆಪ್ಟಿಕ್ ಟ್ಯಾಂಕ್ ಅಂತೀವಿ, ಅದು ಬರೀ ಗುಂಡಿ. ಸ್ನಾನದ ನೀರನ್ನು ಬೇರೆ ಮಾಡಿ ಬಾಳೆಗೆ ಬಿಟ್ಟರೆ ಇಂಗುಗುಂಡಿಯ ಹೊರೆ ಇಳಿಯುತ್ತದೆ. ಟ್ಯಾಂಕು ತುಂಬಿದಾಗ ಯಂತ್ರದ ಗಾಡಿ ಕರೆಸಿ; ಒಳಗೆ ಆಳು ಇಳಿಸೋದು 2013ರ ಕಾಯ್ದೆಯಂತೆ ಅಪರಾಧ, ಜೀವಕ್ಕೂ ಅಪಾಯ.

ಆಗಲೇ ಆಳದ ಗುಂಡಿ ಇದ್ದರೆ

ಮಳೆಗಾಲ ಮುಗಿದ ಮೇಲೆ ಬಾವಿ, ಬೋರಿನ ನೀರನ್ನು ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸಿ. ಕೋಲಿಫಾರ್ಮ್, ನೈಟ್ರೇಟ್ ಎರಡನ್ನೂ ಕೇಳಿ. ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ ಮೀರಬಾರದು. ಮೀರಿದರೆ ಎಳೆ ಕೂಸುಗಳಿಗೆ ಅಪಾಯ, ಕಾಯಿಸಿದರೂ ಅದು ಹೋಗುವುದಿಲ್ಲ. ಗೊಬ್ಬರದಿಂದಲೂ ಅದು ಬರುತ್ತದೆ, ಆದರೆ ಕೋಲಿಫಾರ್ಮ್ ಕೂಡ ಸಿಕ್ಕರೆ ಮೊದಲು ಗುಂಡಿಯನ್ನೇ ಅನುಮಾನಿಸಿ. ಅಲ್ಲಿಯತನಕ ಕುಡಿಯೋದಕ್ಕೆ ಬೇರೆ ನೀರು ತನ್ನಿ.

ಒಂದು ಕುಡುಗೋಲು, ಒಂದು ಕಡ್ಡಿ, ಎರಡು ಕೊಡ ನೀರು, ಒಂದು ರಾತ್ರಿ. ಮಣ್ಣನ್ನು ಕೇಳಲು ಇಷ್ಟೇ ಖರ್ಚು.