ಕಾಳು ಕಾಳನ್ನೂ ನೋಡುವ ಕಣ್ಣು

ಕಾರ್ಖಾನೆಯಲ್ಲಿ ಸಾಗಿಬರುವ ವಸ್ತುವಿನ ಚಿತ್ರ ತೆಗೆದು, ಅದರಲ್ಲಿ ದೋಷವಿದೆಯೇ ಎಂದು ತಾನೇ ತೀರ್ಮಾನಿಸುವ ವ್ಯವಸ್ಥೆಗೆ ಯಂತ್ರದೃಷ್ಟಿ ಎಂದು ಹೆಸರು. ಭತ್ತ ಬೆಳೆಯುವ ಶಿಕಾರಿಪುರ, ಸೊರಬದ ಕಡೆಯವರಿಗೆ ಅದರ ಹತ್ತಿರದ ಉದಾಹರಣೆ ಅಕ್ಕಿ ಗಿರಣಿಯ ಸಾರ್ಟೆಕ್ಸ್. ಲಂಡನ್ನಿನ ಕಂಪನಿಯೊಂದರ ಹೆಸರೇ ಯಂತ್ರದ ಹೆಸರಾಗಿ ನಿಂತಿದೆ. ಮೊರದಲ್ಲಿ ಹರಡಿಕೊಂಡು ಕಲ್ಲು, ಕಪ್ಪು ಕಾಳು ಆರಿಸುವ ಕೆಲಸವನ್ನೇ ಅದು ಮಾಡುತ್ತದೆ.

ಇಂಥ ವ್ಯವಸ್ಥೆ ರೂಪಿಸುವಾಗ ಮೊದಲು ಗೊತ್ತುಮಾಡಬೇಕಾದದ್ದು ಬೆಳಕು. ಬೆಳಕು ತೋರಿಸದ ದೋಷ ಎಷ್ಟೇ ದುಬಾರಿ ಕ್ಯಾಮೆರಾಕ್ಕೂ ಕಾಣದು. ಉದಾಹರಣೆಗೆ, ತಾಳಗುಂದದ ಪ್ರಣವೇಶ್ವರ ದೇವಾಲಯದ ಮುಂದಿನ ಸ್ತಂಭದ ಮೇಲೆ ಕುಬ್ಜ ಕವಿ ರಚಿಸಿದ 5ನೇ ಶತಮಾನದ ಕದಂಬ ಶಾಸನವಿದೆ. ಹೀಗೆ ಕಲ್ಲಿನಲ್ಲಿ ಕೊರೆದ ಅಕ್ಷರಗಳ ಮೇಲೆ ಬೆಳಕು ನೇರವಾಗಿ ಬಿದ್ದರೆ ಗೆರೆಗಳು ಕಲ್ಲಿನ ಬಣ್ಣದಲ್ಲೇ ಕರಗಿಹೋಗುತ್ತವೆ. ಓರೆಯಾಗಿ ಬಿದ್ದರೆ ಅಂಚಿಗೆ ನೆರಳು ಕಟ್ಟಿ ಅಕ್ಷರ ಎದ್ದು ಕಾಣುತ್ತದೆ. ಲೋಹದ ಮೇಲಿನ ಗೀರು, ಬಿರುಕು ಹುಡುಕುವ ಯಂತ್ರಗಳಲ್ಲೂ ದೀಪವನ್ನು ಹೀಗೆಯೇ ಓರೆಯಾಗಿ ಇಡುತ್ತಾರೆ.

ಅಕ್ಕಿಯ ಲೆಕ್ಕ ಬೇರೆ. ಒಳ್ಳೆಯ ಕಾಳಿನ ಮೂಲಕ ಬೆಳಕು ತುಸು ಹಾಯುತ್ತದೆ. ಒಳಗೆ ಸುಣ್ಣದಂತೆ ಬೆಳ್ಳಗಾಗಿ ಬೇಗ ನುಚ್ಚಾಗುವ ಕಾಳು ಅದನ್ನು ತಡೆಯುತ್ತದೆ. ಮುಂದಿನಿಂದ ಬೆಳಕು ಬಿಟ್ಟರೆ ಎರಡೂ ಬಿಳಿಯೇ. ಹಿಂದಿನಿಂದ ಬಿಟ್ಟರೆ ಎರಡನೆಯದು ಕಪ್ಪಗೆ ಕಾಣುತ್ತದೆ.

ಆಮೇಲೆ ಕ್ಯಾಮೆರಾ. 300 ಮಿ.ಮೀ. ಅಗಲದ ಇಳಿಜಾರು ಚೂಟ್‌ನಿಂದ ಬೀಳುವ ಅಕ್ಕಿಯಲ್ಲಿ 0.5 ಮಿ.ಮೀ. ಚುಕ್ಕೆಯನ್ನು ಗುರುತಿಸಬೇಕು ಎನ್ನೋಣ. ಚುಕ್ಕೆಯೊಂದಕ್ಕೆ 3 ಪಿಕ್ಸೆಲ್‌ನಂತೆ 1,800 ಪಿಕ್ಸೆಲ್ ಬೇಕು. 2,048 ಪಿಕ್ಸೆಲ್‌ಗಳ ಒಂಟಿಸಾಲಿನ ಕ್ಯಾಮೆರಾ ಸಾಕಾಗುತ್ತದೆ. ಕಾಳು ಸೆಕೆಂಡಿಗೆ 3 ಮೀಟರ್ ವೇಗದಲ್ಲಿ ಬೀಳುವಾಗ ಆ ಸಾಲನ್ನು ಸೆಕೆಂಡಿಗೆ ಸುಮಾರು 18,000 ಸಲ ಓದಬೇಕು. ಅಷ್ಟು ಚುಟುಕು ನೋಟಕ್ಕೆ ಎಲ್‌ಇಡಿಯಂಥ ಪ್ರಖರ ಬೆಳಕೇ ಆಗಬೇಕು. ಕೆಟ್ಟ ಕಾಳನ್ನು ಊದುವ ಗಾಳಿಯ ನಳಿಗೆ ಕ್ಯಾಮೆರಾ ನೋಡುವ ಜಾಗದಿಂದ 5 ಸೆಂ.ಮೀ. ಕೆಳಗಿದ್ದರೆ, ಕಾಳು ಅಲ್ಲಿಗೆ ತಲುಪಲು ಸುಮಾರು 16 ಮಿಲಿಸೆಕೆಂಡು. ಅಷ್ಟರೊಳಗೆ ತೀರ್ಮಾನ ಮುಗಿದು, ಗಾಳಿ ಊದಿ, ಕೆಟ್ಟ ಕಾಳು ಪಕ್ಕಕ್ಕೆ ಹಾರಬೇಕು.

ಯಾವ ಬಣ್ಣದವರೆಗೆ ಒಳ್ಳೆಯದು ಎಂಬ ಗೆರೆ ಎಳೆಯುವುದು ನಾಜೂಕಿನ ಕೆಲಸ. ಗೆರೆ ಬಿಗಿಯಾದರೆ ರೈತ ಬೆವರು ಸುರಿಸಿ ಬೆಳೆದ ಒಳ್ಳೆಯ ಅಕ್ಕಿಯೂ ಹೊರಬೀಳುತ್ತದೆ, ಸಡಿಲವಾದರೆ ಊಟದಲ್ಲಿ ಕಲ್ಲು ಸಿಗುತ್ತದೆ. ಆದ್ದರಿಂದ ಹೊರಹಾಕಿದ್ದನ್ನು ಮತ್ತೊಮ್ಮೆ ಯಂತ್ರಕ್ಕೆ ಹಾಯಿಸುತ್ತಾರೆ. ಬಿಳಿ ಅಕ್ಕಿಗೆ ಎಳೆದ ಗೆರೆ ಕುಚ್ಚಲಕ್ಕಿಗೆ ಹೊಂದದು. ಕ್ಯಾಮೆರಾದ ಮುಂದಿನ ಗಾಜಿನ ಮೇಲೆ ತೌಡಿನ ಪುಡಿ ಕೂತರೆ ಲೆಕ್ಕವೆಲ್ಲ ತಪ್ಪುತ್ತದೆ. ಅದನ್ನು ಒರೆಸುವ ಏರ್ಪಾಡೂ ಯಂತ್ರದಲ್ಲೇ ಇರಬೇಕು.

ಕೊನೆಯದು ಪರೀಕ್ಷೆ. ಎಣಿಸಿಟ್ಟ 100 ಕೆಟ್ಟ ಕಾಳುಗಳನ್ನು ಒಳ್ಳೆಯ ಅಕ್ಕಿಯಲ್ಲಿ ಬೆರೆಸಿ ಹಾಯಿಸಿ, ಅವುಗಳಲ್ಲಿ ಎಷ್ಟು ಹೊರಬಂದವು, ಜೊತೆಗೆ ಎಷ್ಟು ಒಳ್ಳೆಯ ಕಾಳು ಹೋದವು ಎಂದು ಎಣಿಸಬೇಕು. ಯಂತ್ರದ ಕಣ್ಣು ಎಷ್ಟು ಚುರುಕು ಎಂಬುದನ್ನು ಈ ಎರಡು ಎಣಿಕೆಗಳು ಹೇಳುತ್ತವೆ.